ಸುಕ್ಕಾದ ಜುಬ್ಬಾ ಯಾರಿಗೆ ಒಪ್ಪುತ್ತದೆ?

(ದಾವಣಗೆರೆಯಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ಅಧ್ಯಾಪಕರ ಮುಂದೆ ಆಡಿದ ಮಾತುಗಳ ಬರಹ ರೂಪ)

ನಾನು ಹಾಕಿಕೊಂಡು ಬಂದಿರುವ ಜುಬ್ಬಾ ನೋಡಿ. ಖಾದಿ. ಇಸ್ತ್ರಿ ಇಲ್ಲ. ತೋಳಿನ ಹತ್ತಿರ ನೂಲು ಬಿಟ್ಟಿದೆ. ಕಾಲಲ್ಲಿ ಸವೆದ ಚಪ್ಪಲಿ, ಹೆಗಲಿಗೆ ಬಟ್ಟೆ ಚೀಲ. ಇದೇ ವೇಷದಲ್ಲಿ ಗೇಟು ದಾಟಿ ಬಂದೆ. ವಾಚ್‌ಮನ್ ಎದ್ದು ನಿಂತರು. ಎಲ್ಲಿಗೆ, ಯಾರು ಬೇಕು ಅಂತ ಯಾರೂ ಕೇಳಲಿಲ್ಲ. ನಿಮ್ಮಲ್ಲಿ ಕೆಲವರು 'ಮೇಷ್ಟ್ರು ಎಷ್ಟು ಸರಳ' ಅಂದುಕೊಂಡಿರಲೂಬಹುದು. ಈಗ ಇದೇ ಜುಬ್ಬಾ, ಇದೇ ಚಪ್ಪಲಿ, ಇದೇ ಚೀಲವನ್ನು ಮಂಡಿಪೇಟೆಯಲ್ಲಿ ಮೂಟೆ ಹೊರುವ ಒಬ್ಬ ಹಮಾಲರಿಗೆ ಕೊಟ್ಟು ಇದೇ ಗೇಟಿಗೆ ಕಳಿಸಿ. ಅವರ ಮೈಮೇಲೆ ಇದಕ್ಕೆ ಸರಳತೆ ಅಂತ ಯಾರೂ ಹೆಸರಿಡುವುದಿಲ್ಲ.

ಬಟ್ಟೆಯಲ್ಲಿ ಅಂತಸ್ತು ಕಾಣುತ್ತದೆ ಅನ್ನುವುದು ಹೊಸ ಮಾತೇನಲ್ಲ. ಅದನ್ನು ಹೇಳುವುದಕ್ಕೆ ನನ್ನನ್ನು ಕರೆಸಬೇಕಾಗಿರಲಿಲ್ಲ. ನಾನು ಕೇಳುತ್ತಿರುವುದು ಬೇರೆ. ಬಟ್ಟೆಯ ಬಗ್ಗೆ ತಲೆ ಕೆಡಿಸಿಕೊಳ್ಳದೆ ಮನೆಯಿಂದ ಹೊರಡಬಹುದಾದವರು ಯಾರು? ಹೊರಡುವ ಮುಂಚೆ ಕನ್ನಡಿ ಮುಂದೆ ನಿಂತು ಲೆಕ್ಕ ಹಾಕಲೇಬೇಕಾದವರು ಯಾರು? 'ಊಟ ತನ್ನಿಚ್ಛೆ, ನೋಟ ಪರರಿಚ್ಛೆ' ಅಂತ ಗಾದೆ ಇದೆ. ಸರಿ, ಆ ಪರರು ಯಾರು? ಎಲ್ಲರ ನೋಟಕ್ಕೂ ಎಲ್ಲರೂ ಹೆದರುತ್ತಾರಾ? ಮೇಲಿನವರು ಹೇಗೆ ಉಟ್ಟರೂ ಕೆಳಗಿನವರು ಸುಮ್ನೆ ನೋಡುತ್ತಾರೆ. ಕೆಳಗಿನವರು ಉಟ್ಟರೆ ಮೇಲಿನವರು ತೀರ್ಪು ಕೊಡುತ್ತಾರೆ.

2024ರ ಜುಲೈನಲ್ಲಿ ಬೆಂಗಳೂರಿನ ಒಂದು ಮಾಲ್‌ನಲ್ಲಿ ನಡೆದದ್ದು ನಿಮಗೆ ನೆನಪಿರಬೇಕು. ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ವಯಸ್ಸಾದ ರೈತರೊಬ್ಬರನ್ನು ಮಗ ಸಿನಿಮಾಕ್ಕೆ ಕರೆದುಕೊಂಡು ಹೋಗಿದ್ದ. ಬಿಳಿ ಅಂಗಿ, ಬಿಳಿ ಪಂಚೆ. ಬಾಗಿಲಲ್ಲಿ ತಡೆದರು. ಪಂಚೆಗೆ ಪ್ರವೇಶ ಇಲ್ಲ, ಪ್ಯಾಂಟ್ ಹಾಕಿಕೊಂಡು ಬನ್ನಿ ಅಂದರು. ಮಗ ವಿಡಿಯೋ ಮಾಡಿದ, ಅದು ಹರಡಿತು, ಪ್ರತಿಭಟನೆ ಆಯಿತು, ಸರ್ಕಾರ ಆ ಮಾಲ್ ಅನ್ನು 7 ದಿನ ಮುಚ್ಚಿಸಿತು. ಎಲ್ಲರೂ 'ನಮ್ಮ ಉಡುಪಿಗೆ ಅವಮಾನ' ಅಂದರು.

ನನಗೆ ಅಲ್ಲೇ ಸ್ವಲ್ಪ ತಕರಾರು. ಅವಮಾನ ಆದದ್ದು ಪಂಚೆಗಾ? ಆಗ ನಮ್ಮ ರಾಜ್ಯದ ಮುಖ್ಯಮಂತ್ರಿ ಆಗಿದ್ದವರು ಸಿದ್ದರಾಮಯ್ಯನವರು. ಅವರು ದಿನಾ ಉಡುವುದು ಪಂಚೆಯನ್ನೇ. ಅವರು ಅದೇ ಬಾಗಿಲಿಗೆ ಬಂದಿದ್ದರೆ ಮ್ಯಾನೇಜರ್ ಹೂವಿನ ಹಾರ ಹಿಡಿದು ಮೆಟ್ಟಿಲಿಳಿದು ಬರುತ್ತಿದ್ದ. ಪಂಚೆಯ ತಂಟೆಗೆ ಯಾರೂ ಹೋಗಿರಲಿಲ್ಲ. ತಡೆದದ್ದು ಒಂದು ಥರದ ಮುಖವನ್ನು, ಒಂದು ಥರದ ಕೈಯನ್ನು, ಬಿಸಿಲಲ್ಲಿ ಕಂದಿದ ಒಂದು ಮೈಯನ್ನು. ಪಂಚೆ ಬರೀ ನೆಪ.

ಇನ್ನೊಂದು ಪಂಚೆ ಪ್ರಸಂಗ ಹೇಳುತ್ತೇನೆ. 2014ರ ಜುಲೈ, ಚೆನ್ನೈ. ಒಂದು ಕ್ರಿಕೆಟ್ ಕ್ಲಬ್ಬಿನಲ್ಲಿ ಸಮಾರಂಭ. ಅಲ್ಲಿಗೆ ಬಂದ ಮದ್ರಾಸ್ ಹೈಕೋರ್ಟ್ ನ್ಯಾಯಮೂರ್ತಿಯೊಬ್ಬರನ್ನು ಪಂಚೆ ಉಟ್ಟಿದ್ದಾರೆ ಅಂತ ಒಳಗೆ ಬಿಡಲಿಲ್ಲ. ಮುಂದಿನ ತಿಂಗಳೇ ತಮಿಳುನಾಡು ವಿಧಾನಸಭೆ ಕಾನೂನು ಮಾಡಿತು. ಪಂಚೆ ಉಟ್ಟವರನ್ನು ತಡೆದರೆ 1 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಒಳ್ಳೆಯ ಕಾನೂನೇ. ಆದರೆ ಅದಕ್ಕೂ ಮುಂಚೆ ಎಷ್ಟು ಜನ ಮಾಮೂಲಿ ಮನುಷ್ಯರು ಅಂಥ ಬಾಗಿಲುಗಳಿಂದ ವಾಪಸ್ ಹೋಗಿದ್ದಾರೋ ಯಾರು ಲೆಕ್ಕ ಇಟ್ಟರು? ನ್ಯಾಯಮೂರ್ತಿಗಳನ್ನು ತಡೆದಾಗ ಕ್ಲಬ್ಬಿನ ನಿಯಮ ತಪ್ಪು ಅಂತ ಕಂಡಿತು. ಅಲ್ಲಿಯವರೆಗೆ ಬಂದವರದ್ದೇ ತಪ್ಪಾಗಿತ್ತು.

ಇಲ್ಲಿ ಸೆಕ್ಯುರಿಟಿಯವರ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. 2024ರ ಫೆಬ್ರವರಿಯಲ್ಲಿ ಬೆಂಗಳೂರು ಮೆಟ್ರೋದಲ್ಲೂ ಹೀಗೇ ಆಯಿತು. ತಲೆ ಮೇಲೆ ಗಂಟು ಹೊತ್ತ ರೈತರೊಬ್ಬರನ್ನು ಬಟ್ಟೆ ಕೊಳೆ ಅಂತ ತಡೆದರು. ಜೊತೆಯ ಪ್ರಯಾಣಿಕರು ಜಗಳ ಮಾಡಿ ಅವರನ್ನು ಒಳಗೆ ಕಳಿಸಿದರು. ತಡೆದ ಮೇಲ್ವಿಚಾರಕನನ್ನು ಕೆಲಸದಿಂದ ತೆಗೆದರು. ನನಗೆ ಆ ಸುದ್ದಿ ಓದಿ ಖುಷಿ ಏನೂ ಆಗಲಿಲ್ಲ. ಇಂಥ ಕೆಲಸಕ್ಕೆ ಬರುವವರಲ್ಲಿ ಬಹಳ ಮಂದಿ ನಮ್ಮ ಜಗಳೂರು, ಚಳ್ಳಕೆರೆ, ಹೊಳಲ್ಕೆರೆ ಕಡೆಯ ಹಳ್ಳಿ ಹುಡುಗರೇ. ಅವರ ಆ ನೀಲಿ ಯೂನಿಫಾರ್ಮ್ ಬಿಚ್ಚಿಸಿ, ಮನೆಯ ಬಟ್ಟೆಯಲ್ಲಿ ಅದೇ ಬಾಗಿಲಿಗೆ ಕಳಿಸಿ ನೋಡಿ. ಅವರನ್ನೂ ತಡೆಯುತ್ತಾರೆ. ಯಾರನ್ನು ತಡೆಯಬೇಕು ಅಂತ ಅವರಿಗೆ ಕಲಿಸಿದವರು ಬಾಗಿಲಲ್ಲಿ ನಿಲ್ಲುವುದಿಲ್ಲ.

'ಅದೆಲ್ಲ ಸರಿ ಸಾರ್, ಸ್ವಚ್ಛವಾಗಿ ಬರೋಕೆ ಏನು ಕಷ್ಟ?' ಅಂತ ನಿಮ್ಮಲ್ಲಿ ಯಾರಿಗಾದರೂ ಅನಿಸಬಹುದು. ಬಿಳಿ ಅಂಗಿಯನ್ನೇ ತಗೊಳ್ಳಿ. ನಮ್ಮದು ಬಿಸಿಲು, ಧೂಳು, ಕೆಮ್ಮಣ್ಣಿನ ಸೀಮೆ. ಇಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ಬಿಳಿ ಬಟ್ಟೆ ಬಿಳಿಯಾಗೇ ಉಳಿಯಬೇಕಾದರೆ ಏನೇನು ಬೇಕು? ಒಗೆಯುವುದಕ್ಕೆ ನೀರು ಬೇಕು, ನಲ್ಲಿ ನಾಲ್ಕು ದಿನಕ್ಕೊಮ್ಮೆ ಬರಬಾರದು. ಒಗೆಯುವುದಕ್ಕೆ ಇನ್ನೊಬ್ಬರ ರಟ್ಟೆ ಬೇಕು. ಅದು ಹೆಂಡತಿಯದೋ, ಕೆಲಸದವರದೋ, ಮಡಿವಾಳರದೋ. ಅವತ್ತು ಮಣ್ಣು ಮುಟ್ಟದೆ ಹೊಟ್ಟೆ ತುಂಬಬೇಕು. ಇಷ್ಟೂ ಇದ್ದವರ ಬಟ್ಟೆ ತಾನಾಗೇ ಸ್ವಚ್ಛ. ನಮ್ಮ ರಾಜಕಾರಣಿಗಳ ಬಿಳಿ ಬಟ್ಟೆ ಸರಳತೆಯ ಗುರುತು ಅಂತಾರೆ. ನನಗಂತೂ ಅದು ಗಂಜಿಯ, ಇಸ್ತ್ರಿಯ, ಎಸಿ ಕಾರಿನ ಗುರುತಾಗಿ ಕಾಣುತ್ತದೆ.

ಮೆಕ್ಕೆಜೋಳ, ಈರುಳ್ಳಿ ಕೊಯ್ಲಿನ ಕಾಲದಲ್ಲಿ ರಸ್ತೆ ಬದಿ ನೋಡಿದ್ದೀರಾ? ಕೂಲಿ ಹೆಣ್ಣುಮಕ್ಕಳು ಸೀರೆ ಮೇಲೆ ಗಂಡಸರ ತುಂಬುತೋಳಿನ ಹಳೇ ಅಂಗಿ ಹಾಕಿಕೊಂಡಿರುತ್ತಾರೆ. ಬಿಸಿಲಿಗೆ, ಸುಂಕಿಗೆ, ಎಲೆಯ ಅಂಚು ತಾಗಿ ಕೈ ಗೀರದಿರಲಿ ಅಂತ. ಬಹಳ ಬುದ್ಧಿವಂತ ಉಡುಪು ಅದು. ಒಮ್ಮೆ ಬ್ಯಾಂಕಿನ ಬಾಗಿಲ ಹತ್ತಿರ ನಿಂತಿದ್ದೆ. ಇಬ್ಬರು ಅಕ್ಕಂದಿರು ಟೆಂಪೋದಿಂದ ಇಳಿದರು. ಮೆಟ್ಟಿಲ ಕೆಳಗೇ ನಿಂತು ಮೇಲಿನ ಅಂಗಿ ಬಿಚ್ಚಿದರು. ಗುಂಡಿ ಒಂದೊಂದೇ ತೆಗೆದು, ಮಡಚಿ, ಊಟದ ಡಬ್ಬಿಯ ಚೀಲಕ್ಕೆ ತುರುಕಿದರು. ಸೆರಗು ಕೊಡವಿ, ತಲೆಗೂದಲ ಮೇಲಿದ್ದ ಹೊಟ್ಟು ಒಬ್ಬರಿಗೊಬ್ಬರು ತೆಗೆದುಕೊಂಡರು. ಆಮೇಲೆ ಒಳಗೆ ಹೋದರು. ಅವರ ಖಾತೆ, ಅವರ ದುಡ್ಡು. ಆದರೂ ಅಷ್ಟು ತಯಾರಿ. ಅವರ ಹಿಂದೆಯೇ ಬೈಕ್ ನಿಲ್ಲಿಸಿ ಬಂದ ಹುಡುಗ ಬರ್ಮುಡಾ ಚಡ್ಡಿಯಲ್ಲೇ ಸೀದಾ ಕೌಂಟರಿಗೆ ಹೋದ. ಈಗ ನಿಮ್ಮ ಕಾಲೇಜಿನ ಹುಡುಗಿಯರು ಗಂಡಸರ ಅಳತೆಯ ದೊಡ್ಡ ಅಂಗಿ ಹಾಕಿಕೊಂಡು ಬರುತ್ತೀರಿ. ಓವರ್‌ಸೈಜ್ ಅಂತೀರಿ, ಚೆನ್ನಾಗೇ ಇರುತ್ತೆ. ನಗಬೇಡಿ, ನಾನು ಬೈಯುತ್ತಿಲ್ಲ. ಆ ಅಕ್ಕಂದಿರಿಗೆ ಬಿಚ್ಚಬೇಕು ಅನಿಸಿದ್ದನ್ನು ನೀವು ದುಡ್ಡು ಕೊಟ್ಟು ಹಾಕಿಕೊಳ್ಳುತ್ತೀರಿ, ಅಷ್ಟೇ.

ದಾವಣಗೆರೆಯವರಿಗೆ ಬಟ್ಟೆ ಬಗ್ಗೆ ಪಾಠ ಹೇಳುವುದು ಸ್ವಲ್ಪ ಅಧಿಕಪ್ರಸಂಗವೇ. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರು ಮಾಡಿದ ಊರು ಇದು. ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದರೂ ಮದುವೆ ಜವಳಿ ಅಂದರೆ ಸುತ್ತಲಿನ ಜಿಲ್ಲೆಗಳವರು ಇವತ್ತಿಗೂ ಇಲ್ಲಿಗೇ ಬರುತ್ತಾರೆ. ಅಂಗಡಿಯಲ್ಲಿ ಸೀರೆ ತೋರಿಸುವವರನ್ನು ಗಮನಿಸಿ. ಗಿರಾಕಿ ಬಾಯಿ ಬಿಡುವ ಮುಂಚೆಯೇ ಅವರ ಕಣ್ಣು ಮೊದಲು ಕಾಲಿಗೆ ಹೋಗುತ್ತದೆ. ಚಪ್ಪಲಿ ಯಾವುದು? ಆಮೇಲೆ ಕೈಯ ಬಳೆ, ಆಮೇಲೆ ಮಾತಿನ ಧಾಟಿ. 'ಯಾವ ರೇಂಜಲ್ಲಿ ತೋರಿಸ್ಲಿ ಅಕ್ಕಾ?' ಅಂತ ಕೇಳುವ ಹೊತ್ತಿಗೆ ಅವರ ಕೈ ಆಗಲೇ ಒಂದು ರ‍್ಯಾಕಿನ ಮೇಲಿರುತ್ತದೆ. ಮೊಳಕಾಲ್ಮೂರು ರೇಷ್ಮೆ ಇರುವ ರ‍್ಯಾಕಿಗೆ ಎಲ್ಲರ ಮುಂದೆಯೂ ಕೈ ಹೋಗುವುದಿಲ್ಲ. ಇದನ್ನು ಗೊತ್ತಿದ್ದೇ ನಮ್ಮ ಹಳ್ಳಿ ಹೆಣ್ಣುಮಕ್ಕಳು ಹೊಸ ಸೀರೆ ಕೊಳ್ಳಲು ಬರುವಾಗ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಬರುತ್ತಾರೆ. ಬಟ್ಟೆ ಕೊಳ್ಳುವುದಕ್ಕೂ ಬಟ್ಟೆ ಬೇಕು.

ಇನ್ನು ಸ್ವಲ್ಪ ದೂರ ಹೋಗೋಣ. ಅಮೆರಿಕಕ್ಕೆ. ಅಲ್ಲಿ ಜಾತಿಯ ಜಾಗದಲ್ಲಿ ಚರ್ಮದ ಬಣ್ಣ ಕೂತಿದೆ. ಹುಡಿ ಅಂದರೆ ನಿಮಗೆ ಗೊತ್ತು, ಟೊಪ್ಪಿ ಇರುವ ಸ್ವೆಟ್‌ಶರ್ಟ್. ಇಲ್ಲೇ ನಾಲ್ಕೈದು ಜನ ಹಾಕಿಕೊಂಡು ಕೂತಿದ್ದೀರಿ. 2012ರ ಫೆಬ್ರವರಿ 26, ಫ್ಲಾರಿಡಾದ ಸ್ಯಾನ್‌ಫರ್ಡ್ ಅನ್ನುವ ಊರು. ಟ್ರೇವಾನ್ ಮಾರ್ಟಿನ್ ಅನ್ನುವ 17 ವರ್ಷದ ಕಪ್ಪು ಹುಡುಗ ಅಂಗಡಿಗೆ ಹೋಗಿ ಮಿಠಾಯಿ, ಒಂದು ಡಬ್ಬಿ ಜ್ಯೂಸ್ ತಗೊಂಡು ವಾಪಸ್ ಬರುತ್ತಿದ್ದ. ಮಳೆ. ಹುಡಿ ತಲೆಗೆ ಎಳೆದುಕೊಂಡಿದ್ದ. ಆ ಬಡಾವಣೆಯ ಕಾವಲಿಗೆ ತಾನಾಗಿ ನಿಂತಿದ್ದ ಒಬ್ಬನಿಗೆ ಅನುಮಾನ ಬಂತು. ಪೊಲೀಸರಿಗೆ ಫೋನ್ ಮಾಡಿದ. ಹುಡಿಯ ಮಾತೂ ಆ ಫೋನಿನಲ್ಲಿ ಬಂತು. ಸ್ವಲ್ಪ ಹೊತ್ತಿನಲ್ಲೇ ಗುಂಡು ಹಾರಿತು, ಹುಡುಗ ಸತ್ತ. ಹುಡುಗನ ಹತ್ತಿರ ಆಯುಧ ಏನೂ ಇರಲಿಲ್ಲ. 2013ರ ಜುಲೈನಲ್ಲಿ ಗುಂಡು ಹಾರಿಸಿದವನ ಖುಲಾಸೆ ಆಯಿತು. ಟಿವಿಯ ಒಬ್ಬ ದೊಡ್ಡ ನಿರೂಪಕ, ಈ ಸಾವಿಗೆ ಹುಡಿಯೂ ಅಷ್ಟೇ ಕಾರಣ, ಕಪ್ಪು ಮಕ್ಕಳ ತಂದೆತಾಯಿ ಮಕ್ಕಳಿಗೆ ಹುಡಿ ಹಾಕಿ ಹೊರಗೆ ಕಳಿಸಬಾರದು ಅಂದ. ಆಮೇಲೆ ಕ್ಷಮೆ ಕೇಳಿದ, ಆ ಮಾತು ಬೇರೆ.

ಹುಡುಗ ಸತ್ತ ಮರುತಿಂಗಳು, 2012ರ ಮಾರ್ಚ್ 28ಕ್ಕೆ, ಬಾಬಿ ರಶ್ ಅನ್ನುವ ಕಪ್ಪು ಸಂಸದ ಅಮೆರಿಕದ ಸಂಸತ್ತಿನಲ್ಲಿ ಮಾತಾಡುತ್ತಾ ಮೇಲಿನ ಕೋಟು ತೆಗೆದರು. ಒಳಗೆ ಹುಡಿ. ಅದನ್ನು ತಲೆಗೆ ಎಳೆದುಕೊಂಡರು. ಸದನದಲ್ಲಿ ತಲೆಗೆ ಏನೂ ಹಾಕುವಂತಿಲ್ಲ ಅನ್ನುವ ನಿಯಮ ತೋರಿಸಿ ಅವರನ್ನು ಹೊರಗೆ ಕಳಿಸಿದರು. ಅದಾದ ಮೇಲೆ ಮೇ ತಿಂಗಳು. ಮಾರ್ಕ್ ಜುಕರ್‌ಬರ್ಗ್ ಫೇಸ್‌ಬುಕ್ ಷೇರು ಮಾರುವುದಕ್ಕೆ ನ್ಯೂಯಾರ್ಕಿಗೆ ಬಂದ. ಎದುರಿಗೆ ಸೂಟು ಬೂಟಿನ ಹಣವಂತರು. ಇವನು ಹಾಕಿದ್ದು ಹುಡಿ. ಒಬ್ಬ ವಿಶ್ಲೇಷಕ 'ಇದು ಹುಡುಗಾಟಿಕೆ' ಅಂದ. ಉಳಿದವರು ಅದರಲ್ಲೂ ಜಾಣತನ ಕಂಡರು. ಆ ಕಂಪನಿಗೆ 10,400 ಕೋಟಿ ಡಾಲರ್ ಬೆಲೆ ಕಟ್ಟಿದರು. ಅದೇ ವರ್ಷ, ಅದೇ ದೇಶ, ಅದೇ ಉಡುಪು. ಒಬ್ಬನಿಗೆ ಹೆಚ್ಚೆಂದರೆ ಟೀಕೆ ಸಿಕ್ಕಿತು. ಇನ್ನೊಬ್ಬ ಮನೆ ಸೇರಲಿಲ್ಲ.

ಇದು ಯಾರೋ ಒಬ್ಬನ ತಲೆಕೆಟ್ಟ ಅನುಮಾನ ಅಂತ ಬಿಡುವ ಹಾಗಿಲ್ಲ. ಹಿಂದೆ ಕಾನೂನೇ ಇತ್ತು. 1739ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಗುಲಾಮರು ಬಂಡೆದ್ದರು. ಮರುವರ್ಷ, 1740ರಲ್ಲಿ, ಅಲ್ಲಿನ ಆಳುವವರು ಮಾಡಿದ ಕಾಯಿದೆಯಲ್ಲಿ ಗುಲಾಮರು ಯಾವ ಬಟ್ಟೆ ಉಡಬಹುದು ಅಂತ ಪಟ್ಟಿಯೇ ಇದೆ. ಒರಟು ಉಣ್ಣೆ, ಒರಟು ಲಿನನ್, ಒರಟು ಹತ್ತಿ. 'ನೀಗ್ರೋ ಕ್ಲಾತ್' ಅಂತಲೇ ಒಂದು ಬಟ್ಟೆ ಇತ್ತು. ಅದಕ್ಕಿಂತ ನಯವಾದದ್ದನ್ನು ಮುಟ್ಟುವ ಹಾಗಿಲ್ಲ. ಒಂದೇ ಒಂದು ವಿನಾಯಿತಿ. ಧಣಿಯ ಮನೆಯ ಸಮವಸ್ತ್ರ ತೊಟ್ಟ ಸೇವಕರು ಚೆಂದದ ಬಟ್ಟೆ ಹಾಕಬಹುದು. ಯಾಕೆಂದರೆ ಆ ಚೆಂದ ಅವರದಲ್ಲ, ಧಣಿಯದು.

ಇದನ್ನು ಓದಿದಾಗ ನನಗೆ ನಮ್ಮ ಮೈಸೂರು ಪೇಟ ನೆನಪಾಯಿತು. ಈ ವೇದಿಕೆಯಲ್ಲೂ ಸ್ವಲ್ಪ ಹೊತ್ತಿಗೆ ಮುಂಚೆ ನನ್ನ ತಲೆಗೆ ಒಂದು ಇಟ್ಟಿರಿ, ಸಂತೋಷ. ದೊಡ್ಡ ಹೋಟೆಲಿನ ಬಾಗಿಲು ತೆಗೆಯುವವರ ತಲೆಯಲ್ಲೂ ಅದೇ ಪೇಟ. ಮದುವೆ ಹಾಲಿನಲ್ಲಿ ಬಡಿಸುವ ಹುಡುಗರ ತಲೆಯಲ್ಲೂ ಅದೇ. ಅವರಿಗೆ ಯಾರೂ ಸನ್ಮಾನ ಮಾಡಿಲ್ಲ.

ನಮ್ಮಲ್ಲಿ ಕಾಯಿದೆ ಬರೆದಿಡುವ ಅಗತ್ಯ ಬೀಳಲಿಲ್ಲ. ಊರ ಕಟ್ಟೆಯೇ ಸಾಕಾಗಿತ್ತು. ಇಲ್ಲಿ ಹಿಂದೆ ಕೂತಿರುವ ಹಿರಿಯರಿಗೆ ಗೊತ್ತಿರುತ್ತದೆ. ಗೌಡರ ಬೀದಿ ಬಂತು ಅಂದರೆ ಕಾಲಿನ ಚಪ್ಪಲಿ ಕೈಗೆ ಬರಬೇಕು. ಹೆಗಲ ಮೇಲಿನ ಟವೆಲ್ ಕಂಕುಳಿಗೆ ಇಳಿಯಬೇಕು. ಪಂಚೆ ಮೊಣಕಾಲು ದಾಟಿ ಇಳಿಯಬಾರದು. ತಿರುವಾಂಕೂರಿನಲ್ಲಿ ನಾಡಾರ್ ಹೆಣ್ಣುಮಕ್ಕಳು ಎದೆ ಮುಚ್ಚಿಕೊಳ್ಳುವ ಹಕ್ಕಿಗೆ ದಶಕಗಟ್ಟಲೆ ಹೋರಾಡಿದರು. 1859ರಲ್ಲಿ ಮಹಾರಾಜರ ಆದೇಶ ಬಂತು. ಅದರಲ್ಲೂ ಷರತ್ತು: ಎದೆ ಮುಚ್ಚಿಕೊಳ್ಳಬಹುದು, ಮೇಲ್ಜಾತಿ ಹೆಂಗಸರ ಥರ ಉಡುವಂತಿಲ್ಲ.

ಅದೆಲ್ಲ ಅಜ್ಜನ ಕಾಲದ ಕಥೆ ಅಂತೀರಾ? ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯಿದೆಗೆ 2015ರಲ್ಲಿ ತಿದ್ದುಪಡಿ ಆಯಿತು. ಕಾನೂನು ಓದುವವರು ಇಲ್ಲಿದ್ದರೆ 3ನೇ ಕಲಮು ತೆಗೆದು ನೋಡಿ. ಸಾರ್ವಜನಿಕ ಜಾಗದಲ್ಲಿ ಚಪ್ಪಲಿ ಹಾಕುವುದನ್ನು, ಹೊಸ ಬಟ್ಟೆ ತೊಡುವುದನ್ನು, ಮದುವೆ ಮೆರವಣಿಗೆಯಲ್ಲಿ ಕುದುರೆ ಏರುವುದನ್ನು ತಡೆದರೆ ಅಪರಾಧ ಅಂತ ಅಲ್ಲಿ ಬರೆದಿದೆ. ಹೊಸ ಬಟ್ಟೆ ಅನ್ನುವ ಮಾತನ್ನು ಸಂಸತ್ತು ಕಾನೂನಿನಲ್ಲಿ ಬರೆಯಬೇಕಾಗಿ ಬಂದದ್ದು 2015ರಲ್ಲಿ. ಬರೆದ ಮೇಲೂ 2023ರಲ್ಲಿ ಗುಜರಾತಿನ ಬನಾಸ್‌ಕಾಂಠಾ ಜಿಲ್ಲೆಯಲ್ಲಿ ಒಬ್ಬ ದಲಿತ ಯುವಕನಿಗೆ ಹೊಡೆದರು ಅಂತ ದೂರು ದಾಖಲಾಯಿತು. ಅವನು ಮಾಡಿದ ತಪ್ಪು, ಒಳ್ಳೆಯ ಬಟ್ಟೆ ಹಾಕಿ ತಂಪು ಕನ್ನಡಕ ಇಟ್ಟುಕೊಂಡದ್ದು. ಮಾಲ್‌ನಲ್ಲಿ ಸುಮಾರಾದ ಬಟ್ಟೆ ತಪ್ಪು, ಊರಲ್ಲಿ ಚೆನ್ನಾದ ಬಟ್ಟೆ ತಪ್ಪು. ಈ ಎರಡರ ನಡುವೆ ಸರಿಯಾದ ಬಟ್ಟೆ ಯಾವ ಅಂಗಡಿಯಲ್ಲಿ ಸಿಗುತ್ತದೆ, ಹೇಳಿ?

ಗಾಂಧಿ ಮತ್ತು ಅಂಬೇಡ್ಕರ್ ಉಡುಪನ್ನು ಇದೇ ಕಣ್ಣಿನಿಂದ ನೋಡಬೇಕು. ಗಾಂಧಿ ದಿವಾನರ ಮಗ. ಮೊದಲು ಅವರೂ ಸೂಟಿನವರೇ. ಆ ಸೂಟು, ಮೊದಲ ದರ್ಜೆಯ ಟಿಕೆಟ್ ಎರಡೂ ಇದ್ದರೂ 1893ರಲ್ಲಿ ದಕ್ಷಿಣ ಆಫ್ರಿಕಾದ ರೈಲಿನಿಂದ ಹೊರದಬ್ಬಿಸಿಕೊಂಡರು. ಅಲ್ಲಿ ಬಣ್ಣದ ಮುಂದೆ ಸೂಟು ನಡೆಯಲಿಲ್ಲ. 1921ರ ಸೆಪ್ಟೆಂಬರ್‌ನಲ್ಲಿ ಮದುರೆಯಲ್ಲಿ ಅವರು ತುಂಡು ಪಂಚೆಗೆ ಬಂದರು. ಬಡವರಿಗೆ ಇಲ್ಲದ್ದು ನನಗೂ ಬೇಡ ಅಂದರು. ದೊಡ್ಡ ಮಾತು, ನನಗೆ ಅದರ ಬಗ್ಗೆ ಗೌರವ ಇದೆ. ಆದರೆ ಗಾಂಧಿ ಅಂಗಿ ಬಿಚ್ಚಿದರೆ ಮಹಾತ್ಮ ಆಗುತ್ತಾರೆ, ಅಂಬೇಡ್ಕರ್ ಬಿಚ್ಚಿದ್ದರೆ ಜಗತ್ತು ಅವರನ್ನು ಎಲ್ಲಿ ಇಟ್ಟಿತ್ತೋ ಅಲ್ಲಿಗೇ ವಾಪಸ್ ಹೋಗುತ್ತಿದ್ದರು. ಅಮೆರಿಕದ ಕೊಲಂಬಿಯಾದಲ್ಲಿ ಓದಿ ಬಂದು ಬರೋಡಾದಲ್ಲಿ ಅಧಿಕಾರಿಯಾದಾಗ ಅವರಿಗೆ ಉಳಿಯುವುದಕ್ಕೆ ಜಾಗ ಸಿಗಲಿಲ್ಲ. ಪಾರ್ಸಿ ಹೆಸರಿಟ್ಟುಕೊಂಡು ಪಾರ್ಸಿಗಳ ಛತ್ರದಲ್ಲಿದ್ದರು. ಗೊತ್ತಾದ ದಿನ ದೊಣ್ಣೆ ಹಿಡಿದು ಬಂದು ಹೊರಗೆ ಹಾಕಿದರು. ಆಮೇಲೂ ಅವರು ಸೂಟು ಬಿಡಲಿಲ್ಲ. 1931ರಲ್ಲಿ ಲಂಡನ್ನಿನ ದುಂಡುಮೇಜಿನ ಸಭೆಯಲ್ಲಿ ಇಬ್ಬರೂ ಇದ್ದರು, ಒಬ್ಬರು ತುಂಡು ಪಂಚೆಯಲ್ಲಿ, ಒಬ್ಬರು ಸೂಟಿನಲ್ಲಿ. 'ಬಡವರ ನಾಯಕನಿಗೆ ಸೂಟು ಯಾಕೆ' ಅಂತ ಇವತ್ತಿಗೂ ಕೇಳುವವರಿದ್ದಾರೆ. ಕೇಳುವವರ ಅಪ್ಪ, ಅಜ್ಜ ಚಪ್ಪಲಿ ಕೈಯಲ್ಲಿ ಹಿಡಿದು ನಡೆದವರಲ್ಲ. ಹರಿಹರ ಇಲ್ಲೇ ಪಕ್ಕದಲ್ಲಿದೆ. ದಲಿತ ಸಂಘರ್ಷ ಸಮಿತಿ ಕಟ್ಟಿದ ಪ್ರೊಫೆಸರ್ ಬಿ. ಕೃಷ್ಣಪ್ಪನವರ ಊರು. ಆ ಕಡೆಯ ಯಾವುದಾದರೂ ಕೇರಿಗೆ ಹೋಗಿ ಅಂಬೇಡ್ಕರ್ ಪ್ರತಿಮೆಯ ಆ ನೀಲಿ ಕೋಟು ಯಾಕೆ ಅಂತ ಕೇಳಿ ನೋಡಿ. ನನಗಿಂತ ಚೆನ್ನಾಗಿ ಹೇಳುತ್ತಾರೆ.

ಒಂದು ಚೀಟಿ ಬಂದಿದೆ. ಇಂಜಿನಿಯರಿಂಗ್ ವಿದ್ಯಾರ್ಥಿ. 'ಸಾರ್, ಮುಂದಿನ ತಿಂಗಳು ಕ್ಯಾಂಪಸ್ ಇಂಟರ್‌ವ್ಯೂ ಇದೆ, ಫಾರ್ಮಲ್ಸ್ ಕಡ್ಡಾಯ ಅಂದಿದ್ದಾರೆ. ಹಾಗಾದರೆ ಹಾಕಿಕೊಂಡು ಹೋಗಬಾರದಾ?'

ಹೋಗಪ್ಪಾ, ಖಂಡಿತ ಹಾಕಿಕೊಂಡು ಹೋಗು. ನಿನ್ನ ಕೆಲಸವನ್ನು ಪಣಕ್ಕಿಟ್ಟು ನನ್ನ ಭಾಷಣ ಗೆಲ್ಲಬೇಕಾಗಿಲ್ಲ. ಆ ಕಂಪನಿ ಕಟ್ಟಿದವರು ಟೀ ಶರ್ಟಿನಲ್ಲಿ ಆಫೀಸಿಗೆ ಬರುತ್ತಿರಬಹುದು, ನೀನು ಬ್ಲೇಜರ್ ಹಾಕಬೇಕು. ಅವರು ಈಗಾಗಲೇ ಒಳಗಿದ್ದಾರೆ, ನೀನು ಬಾಗಿಲಲ್ಲಿದ್ದೀಯ. 'ಪ್ರೊಫೆಷನಲ್' ಆಗಿ ಕಾಣಬೇಕು ಅನ್ನುವ ಮಾತಿನ ಒಳಗೆ ಯಾರ ಮೈ, ಯಾರ ಕೂದಲು ಇದೆ ಅಂತ ಕೇಳುವ ಕೆಲಸ ಬೇರೆ ಕಡೆ ಶುರುವಾಗಿದೆ. ಕಪ್ಪು ಜನರ ಗುಂಗುರು ಕೂದಲು, ಜಡೆ ಆಫೀಸಿಗೆ ಸಲ್ಲದು ಅಂತ ಕೆಲಸ ಕೊಡದೆ ಇರುವುದನ್ನು ಕ್ಯಾಲಿಫೋರ್ನಿಯಾ 2019ರಲ್ಲಿ ಕಾನೂನು ಮಾಡಿ ನಿಲ್ಲಿಸಿತು. ನಮ್ಮಲ್ಲಿ ಇನ್ನೂ ಹಾಸ್ಟೆಲಿನ ಹುಡುಗರೇ ಉಪಾಯ ಹುಡುಕಿಕೊಂಡಿದ್ದಾರೆ. ಒಂದೇ ಬ್ಲೇಜರ್. ಮೊದಲು ಹೋದವನು ಬೆವರುತ್ತಾ ಹೊರಗೆ ಬರುತ್ತಾನೆ, ಮೆಟ್ಟಿಲ ಮೇಲೇ ಬಿಚ್ಚಿ ಮುಂದಿನವನಿಗೆ ಕೊಡುತ್ತಾನೆ. ಟೈ ಗಂಟು ಬಿಚ್ಚುವುದಿಲ್ಲ, ಸಡಿಲ ಮಾಡಿ ತಲೆಯಿಂದ ತೆಗೆದು ದಾಟಿಸುತ್ತಾರೆ. ಯಾಕೆಂದರೆ ಗಂಟು ಹಾಕಲು ಬರುವುದು ಒಬ್ಬನಿಗೇ.

ಪ್ರಿನ್ಸಿಪಾಲರೂ ಪ್ಲೇಸ್‌ಮೆಂಟ್ ನೋಡಿಕೊಳ್ಳುವ ಮೇಡಂ ಅವರೂ ಇಲ್ಲೇ ಇದ್ದಾರೆ. ಅವರಿಗೆ ಎರಡು ವಿನಂತಿ. ಕಂಪನಿಯವರು ದಿನಾಂಕ ಕೇಳಲು ಫೋನ್ ಮಾಡಿದಾಗ, ಶುಭ್ರವಾದ ಸಾದಾ ಅಂಗಿ ಪ್ಯಾಂಟಲ್ಲಿ ಬಂದರೆ ಸಾಲದೇ ಅಂತ ಒಂದು ಮಾತು ಕೇಳಿ. ಬಹಳ ಸಲ ಅವರಿಗೂ ಬ್ಲೇಜರ್ ಬೇಕಾಗಿರುವುದಿಲ್ಲ, ಹಳೇ ಸುತ್ತೋಲೆಯಲ್ಲಿ ಇದ್ದದ್ದು ಹಾಗೇ ಬಂದಿರುತ್ತದೆ. ಇಲ್ಲ, ಬೇಕೇ ಬೇಕು ಅಂದರೆ ಕಾಲೇಜೇ ಒಂದು ಬೀರು ಇಡಲಿ. ಹುಡುಗರಿಗೂ ಹುಡುಗಿಯರಿಗೂ ಆಗುವಂತೆ ಒಂದಷ್ಟು ಬ್ಲೇಜರ್, ಬೆಲ್ಟು, ಟೈ ಇರಲಿ. ಸಹಿ ಮಾಡಿ ತಗೊಂಡು ಹೋಗಲಿ, ಲೈಬ್ರರಿ ಪುಸ್ತಕದ ಹಾಗೆ. ಶೂ ಮಾತ್ರ ಎಲ್ಲಾ ಸೈಜಿನಲ್ಲೂ ಇಡಿ. ಬ್ಲೇಜರ್ ಸಡಿಲ ಇದ್ದರೆ ಹೇಗೋ ನಡೆಯುತ್ತದೆ. ಬಿಗಿ ಶೂ ಹಾಕಿಕೊಂಡು ಗ್ರೂಪ್ ಡಿಸ್ಕಷನ್‌ನಲ್ಲಿ ಕೂತವನಿಗೆ ತನ್ನ ಹೆಬ್ಬೆರಳು ಬಿಟ್ಟು ಬೇರೆ ಏನೂ ನೆನಪಿರುವುದಿಲ್ಲ.